ಮಂಗಳೂರಿನಲ್ಲಿ ಲೈಪೋಸಕ್ಷನ್ ಮಾಡಿಸಿಕೊಂಡೆ: ಜಾರಿನಲ್ಲಿ ಬಂದದ್ದೇನು, ಆಮೇಲಿನ ಆರು ವಾರ ಹೇಗಿತ್ತು

ಮಾರ್ಚ್ ಮೊದಲ ವಾರ ಹೊಟ್ಟೆಯ ಕೆಳಭಾಗಕ್ಕೂ ಸೊಂಟದ ಎರಡು ಬದಿಗೂ ಲೈಪೋಸಕ್ಷನ್, ಅಂದರೆ ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಎಳೆದು ತೆಗೆಯುವ ಆಪರೇಷನ್, ಮಾಡಿಸಿಕೊಂಡೆ. ಈಗ ಏಳು ತಿಂಗಳಾಯಿತು. ಇಷ್ಟು ತಡವಾಗಿ ಬರೆಯುತ್ತಿರುವುದು ಬೇಕೆಂದೇ. ಊತ ಪೂರ್ತಿ ಇಳಿಯಲಿಕ್ಕೆ ಮೂರರಿಂದ ಆರು ತಿಂಗಳು ಬೇಕು, ಅದಕ್ಕೆ ಮೊದಲು ಬರೆದರೆ ಓದುವವರಿಗೆ ಸರಿಯಾದ ಚಿತ್ರ ಸಿಗುವುದಿಲ್ಲ. ಕ್ಲಿನಿಕ್ ಕಂಕನಾಡಿ ಕಡೆಯದು. ಹೆಸರು ಹಾಕುವುದಿಲ್ಲ, ಏಕೆಂದರೆ ನನಗೆ ಅವರ ಮೇಲೆ ಒಂದೆರಡು ದೂರುಗಳು ಉಂಟು, ಅದನ್ನು ಅವರ ಹತ್ತಿರವೇ ಮುಖಾಮುಖಿ ಹೇಳಿಯಾಗಿದೆ. ಆದರೆ ಡಾಕ್ಟರ್ ಕೆಲಸದ ಬಗ್ಗೆ ನನಗೆ ತುಂಬ ಗೌರವ ಇದೆ, ಅದನ್ನೂ ಬರೆಯುತ್ತೇನೆ.

ನನಗೆ 41 ವರ್ಷ. ಎರಡು ಸಿಸೇರಿಯನ್. ಉಡುಪಿಯಲ್ಲಿ ಒಂದು ಸಹಕಾರಿ ಸಂಘದ ಕೌಂಟರ್‌ನಲ್ಲಿ ಕೂತು ಮಾಡುವ ಕೆಲಸ. ಎರಡು ವರ್ಷ ಅಲ್ಲಿನ ಅಜ್ಜರಕಾಡು ಮೈದಾನದಲ್ಲಿ ದಿನಾ ಬೆಳಿಗ್ಗೆ ನಡೆದು, ರಾತ್ರಿ ಅನ್ನ ಬಿಟ್ಟು 76 ಕಿಲೋದಿಂದ 68ಕ್ಕೆ ಬಂದಿದ್ದೆ. ಮುಖ ಇಳಿಯಿತು, ಕೈ ಇಳಿಯಿತು, ಆದರೆ ಸಿಸೇರಿಯನ್ ಗಾಯದ ಮೇಲೆ ಜೋತುಬಿದ್ದ ಆ ಒಂದು ಮಡಿಕೆ ಮಾತ್ರ ಹಾಗೆಯೇ ಉಳಿಯಿತು. ಸೀರೆ ಉಟ್ಟರೂ ಅದೇ, ಚೂಡಿದಾರ್ ಹಾಕಿದರೂ ಅದೇ. ಯಾರೋ ಏನೋ ಹೇಳಿದರು ಎಂದು ಅಲ್ಲ, ನನಗೇ ಬೇಕಿತ್ತು. ಇದನ್ನು ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ.

ಮೊದಲು ಹೋದದ್ದು ಈ ಕ್ಲಿನಿಕ್ಕಿಗೆ ಅಲ್ಲ. ತೂಕ ಇಳಿಸುವ ಒಂದು ಸೆಂಟರಿಗೆ ಹೋಗಿದ್ದೆ. ಅಲ್ಲಿ ಕೌಂಟರಿನಲ್ಲಿದ್ದವರು "ಮೇಡಂ, ಒಂದೇ ಸಿಟ್ಟಿಂಗಿನಲ್ಲಿ ಎಂಟು ಕಿಲೋ ಹೋಗ್ತದೆ" ಅಂದರು. ಆಪರೇಷನ್ ಮಾಡುವ ಡಾಕ್ಟರ್ ಯಾರು ಅಂತ ಕೇಳಿದೆ. "ಬೆಂಗಳೂರಿಂದ ಬರ್ತಾರೆ" ಅಂದರು, ಹೆಸರು ಹೇಳಲಿಲ್ಲ. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿ ಆದ ಮೇಲೆ ಕಿರುತೆರೆಯ ಒಬ್ಬ ಹುಡುಗಿ ತೀರಿಕೊಂಡಳಲ್ಲ, ಆ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಅಮ್ಮ ಅಂತೂ ನಾನು ಲೈಪೋ ಅಂದ ಕೂಡಲೇ ಅದನ್ನೇ ಎತ್ತಿದರು. ಅಮ್ಮನ ಹೆದರಿಕೆ ಸುಮ್ನೆ ಅಲ್ಲ. ಇದು ಬ್ಯೂಟಿ ಪಾರ್ಲರ್ ಕೆಲಸ ಅಲ್ಲ, ಆಪರೇಷನ್. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು, ಕೊಬ್ಬಿನ ಕಣ ರಕ್ತಕ್ಕೆ ಸೇರಬಹುದು, ಪೈಪ್ ತಪ್ಪಿದರೆ ಒಳಗೆ ಕರುಳಿಗೆ ತಾಗಬಹುದು. ಅಪರೂಪ, ಆದರೆ ಆಗುತ್ತದೆ. ಆದ್ದರಿಂದ ಡಾಕ್ಟರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಎಂಬ ತಜ್ಞರ ಪದವಿ ಉಂಟಾ, ಗೋಡೆಯ ಮೇಲೆ ಕೆ.ಪಿ.ಎಂ.ಇ. (ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಪತ್ರ ಉಂಟಾ, ಆಪರೇಷನ್ ಮುಗಿಯುವ ತನಕ ಅನಸ್ತೇಶಿಯಾ ಡಾಕ್ಟರ್ ಪಕ್ಕದಲ್ಲೇ ಇರುತ್ತಾರಾ, ಏನಾದರೂ ಹೆಚ್ಚುಕಮ್ಮಿ ಆದರೆ ಯಾವ ಆಸ್ಪತ್ರೆಯ ಐಸಿಯುಗೆ ಕರೆದುಕೊಂಡು ಹೋಗುತ್ತಾರೆ, ಇಷ್ಟನ್ನು ಕೇಳದೆ ಅಡ್ವಾನ್ಸ್ ಕೊಡಬೇಡಿ. ಈ ಕ್ಲಿನಿಕ್ಕಿನಲ್ಲಿ ನಾಲ್ಕಕ್ಕೂ ಉತ್ತರ ಸಿಕ್ಕಿತು. ಡಾಕ್ಟರಿಗೆ ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟೂ ಬರಲಿಲ್ಲ.

ಆ ಡಾಕ್ಟರ್ ನನಗೆ ಮುಕ್ಕಾಲು ಗಂಟೆ ಕೊಟ್ಟರು. ಕೂರಿಸಿ, ನಿಲ್ಲಿಸಿ, ಹೊಟ್ಟೆಯ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಈ ಹಿಡಿಯಲಿಕ್ಕೆ ಸಿಗುತ್ತದಲ್ಲ, ಇದು ಚರ್ಮದ ಕೆಳಗಿನ ಕೊಬ್ಬು. ನಾನು ತೆಗೆಯುವುದು ಇದನ್ನು ಮಾತ್ರ." ಅಷ್ಟು ಹೇಳಿ ಮುಗಿಸುವಾಗ ನಮ್ಮ ಮನೆಯವರು ತಮ್ಮದನ್ನೂ ತೋರಿಸಿದರು. ಅವರದ್ದು ಮುಂದೆ ಬಂದ, ಗಟ್ಟಿ ಹೊಟ್ಟೆ. ಡಾಕ್ಟರ್ ಅವರನ್ನು ಮಲಗಿಸಿ ಒತ್ತಿ ನೋಡಿ ಹೇಳಿದರು: "ಸರ್, ನಿಮ್ಮದು ಸ್ನಾಯುವಿನ ಒಳಗಡೆ, ಕರುಳಿನ ಸುತ್ತ ಇರುವ ಕೊಬ್ಬು. ಅಲ್ಲಿಗೆ ನನ್ನ ಪೈಪ್ ಹೋಗುವ ಹಾಗಿಲ್ಲ, ಹೋಗಲೂ ಬಾರದು. ಅದು ಊಟ ಮತ್ತು ನಡಿಗೆಯಲ್ಲೇ ಇಳಿಯಬೇಕು." ಬೇಕಿದ್ದರೆ ಇಬ್ಬರದ್ದೂ ದುಡ್ಡು ತೆಗೆದುಕೊಳ್ಳಬಹುದಿತ್ತು, ಅಲ್ವಾ? ನಾನು ಅಲ್ಲಿಯೇ ಮಾಡಿಸುವುದು ಅಂತ ತೀರ್ಮಾನಿಸಿದ್ದು ಆ ಒಂದು ಮಾತಿಗೆ.

ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳಿದರು. ಚರ್ಮ ಸಡಿಲ ಆಗಿದ್ದರೆ ಲೈಪೋ ಅದನ್ನು ಬಿಗಿ ಮಾಡುವುದಿಲ್ಲ. ಬಸುರಿಯಾದಾಗ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡಿದ್ದರೆ ಅದನ್ನೂ ಕೂಡಿಸುವುದಿಲ್ಲ. ಅದಕ್ಕೆ ಟಮ್ಮಿ ಟಕ್ ಎಂಬ ಬೇರೆ ದೊಡ್ಡ ಆಪರೇಷನ್ ಬೇಕು. ನನಗೆ ಸ್ವಲ್ಪ ಸಡಿಲ ಉಳಿಯುತ್ತದೆ ಅಂತ ಮೊದಲೇ ಹೇಳಿದ್ದರು. ಹೌದು, ಉಳಿದಿದೆ.

ನನಗೆ ಶುಗರ್ ಬಾರ್ಡರಿನಲ್ಲಿ ಉಂಟು, ಅಮ್ಮನಿಗೆ ಜಾಸ್ತಿಯೇ ಉಂಟು. ಕೊಬ್ಬು ತೆಗೆದರೆ ಶುಗರ್ ಇಳಿಯುತ್ತದಾ ಅಂತ ಆಸೆಯಿಂದ ಕೇಳಿದೆ. ಇಲ್ಲ ಅಂದರು. ಮನೆಗೆ ಬಂದು ನಾನೂ ಹುಡುಕಿ ಓದಿದೆ. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ಬೊಜ್ಜಿನ ಸಮಸ್ಯೆ ಇದ್ದ 15 ಮಹಿಳೆಯರ ಹೊಟ್ಟೆಯಿಂದ ಹತ್ತಿರ ಹತ್ತಿರ 10 ಕಿಲೋ ಕೊಬ್ಬು ತೆಗೆದು 10ರಿಂದ 12 ವಾರ ಬಿಟ್ಟು ಪರೀಕ್ಷಿಸಿದರೂ, ಇನ್ಸುಲಿನ್ ಕೆಲಸದಲ್ಲಾಗಲಿ ಬಿಪಿಯಲ್ಲಾಗಲಿ ಸುಧಾರಣೆ ಕಾಣಲಿಲ್ಲ. 10 ಕಿಲೋ ತೆಗೆದವರಿಗೇ ಹಾಗೆ ಆದರೆ ನನ್ನದು ಎಷ್ಟರದ್ದು! ಶುಗರಿಗೆ ಬೇಕಾದ್ದು ಅಜ್ಜರಕಾಡೇ. ಶುಗರ್ ಇಳಿಯುತ್ತದೆ ಅಂತ ಯಾರಾದರೂ ಲೈಪೋ ಮಾರಲಿಕ್ಕೆ ಬಂದರೆ ನಂಬಬೇಡಿ.

ಆಪರೇಷನ್ ದಿನದ್ದು ಜಾಸ್ತಿ ಹೇಳಲಿಕ್ಕಿಲ್ಲ. ಎರಡು ವಾರ ಮೊದಲೇ ಆಸ್ಪಿರಿನ್, ಐಬುಪ್ರೊಫೇನ್ ತರಹದ ಮಾತ್ರೆ ಬೇಡ ಅಂದಿದ್ದರು, ರಕ್ತ ನೀರಾಗುತ್ತದೆ ಅಂತ. ಬೆಳಿಗ್ಗೆ ನಿಲ್ಲಿಸಿಕೊಂಡು ಮಾರ್ಕರ್ ಪೆನ್ನಿನಲ್ಲಿ ಹೊಟ್ಟೆಯ ಮೇಲೆ ಸುತ್ತು ಸುತ್ತು ಗೆರೆ ಎಳೆದರು, ಮಲಗಿದರೆ ಕೊಬ್ಬು ಜಾಗ ಬದಲಾಯಿಸುತ್ತದೆ ಎಂಬ ಕಾರಣಕ್ಕೆ. ನಾಲ್ಕು ಕಡೆ ಅಕ್ಕಿಕಾಳಿನಷ್ಟು ಚಿಕ್ಕ ಕೊಯ್ತ, ಅದರಲ್ಲಿ ಎರಡು ಹಳೇ ಸಿಸೇರಿಯನ್ ಗೆರೆಯ ಮೇಲೆಯೇ. ಎರಡು ಗಂಟೆಯ ಕೆಲಸ. ಒಂದು ರಾತ್ರಿ ಅಲ್ಲಿಯೇ ಉಳಿದೆ.

ಆ ಸಂಜೆ ಸಿಸ್ಟರ್ ಹತ್ತಿರ, ಎಳೆದು ತೆಗೆದದ್ದನ್ನು ತುಂಬಿಸಿದ ಜಾರ್ ನೋಡಬೇಕು ಅಂದೆ. ಅವರು ಆಶ್ಚರ್ಯಪಟ್ಟರು, ಹೆಚ್ಚಿನವರು ಕೇಳುವುದಿಲ್ಲವಂತೆ. ಕೈಗವಸು ಹಾಕಿಕೊಂಡು ತಂದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಮೂರು ಪದರ. ಎಲ್ಲಕ್ಕಿಂತ ಮೇಲೆ ಹೊಳೆಯುವ ತೆಳು ಎಣ್ಣೆ. ಅದರ ಕೆಳಗೆ ಹಳದಿ, ದಪ್ಪ, ಬೆಣ್ಣೆ ಕಾಯಿಸುವಾಗ ಅರ್ಧ ಕರಗಿರುತ್ತದಲ್ಲ, ಹಾಗೆ. ಕೆಳಗೆ ಕೆಂಪು ನೀರು, ಪುನರ್ಪುಳಿ ಶರಬತ್ತಿಗೆ ನೀರು ಜಾಸ್ತಿ ಆದ ಬಣ್ಣ. ಒಟ್ಟು 2.6 ಲೀಟರ್. ನಾನು ಅಷ್ಟೂ ಕೊಬ್ಬು ಅಂದುಕೊಂಡೆ. ಸಿಸ್ಟರ್ ಬೆರಳಿನಲ್ಲಿ ಅಳತೆಗೆರೆ ತೋರಿಸಿ ಹೇಳಿದರು: "ಅಕ್ಕ, ಕೊಬ್ಬು ಇಲ್ಲಿಂದ ಮೇಲೆ. 1.7 ಲೀಟರ್. ಕೆಳಗಿನದ್ದು ನಾವೇ ಒಳಗೆ ಹಾಕಿದ ನೀರು."

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಾಹೀರಾತಿನಲ್ಲಿ ಎಲ್ಲರೂ "ಇಷ್ಟು ಲೀಟರ್ ತೆಗೆದೆವು" ಅಂತಲೇ ಹಾಕುವುದು. ಕೊಬ್ಬು ಎಳೆಯುವ ಮೊದಲು ಆ ಜಾಗಕ್ಕೆ ಸಲೈನ್ ತುಂಬಿಸುತ್ತಾರೆ. ಅದರಲ್ಲಿ ನೋವು ಗೊತ್ತಾಗದ ಹಾಗೆ ಲಿಗ್ನೋಕೇನ್ ಇರುತ್ತದೆ, ರಕ್ತನಾಳ ಮುದುಡಿ ರಕ್ತ ಕಡಿಮೆ ಹೋಗಲಿ ಅಂತ ಅಡ್ರಿನಲಿನ್ ಇರುತ್ತದೆ. ಜೆಫ್ರಿ ಕ್ಲೈನ್ ಎಂಬ ಅಮೆರಿಕದ ಚರ್ಮವೈದ್ಯರು 1987ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು, ಅದಕ್ಕೆ ಮೊದಲು ಈ ಆಪರೇಷನ್ನಿನಲ್ಲಿ ರಕ್ತ ತುಂಬ ಹೋಗುತ್ತಿತ್ತು. ಚರ್ಮ ಉಬ್ಬಿ ಗಟ್ಟಿಯಾದ ಮೇಲೆ ಕ್ಯಾನುಲಾ ಎಂಬ ತೆಳು ಉಕ್ಕಿನ ಕೊಳವೆಯನ್ನು ಹಿಂದೆ ಮುಂದೆ ಆಡಿಸಿ ಕೊಬ್ಬನ್ನು ಸಡಿಲಿಸಿ ಎಳೆಯುವುದು. ಆಗ ಕೊಬ್ಬಿನ ಕಣಗಳ ಜೊತೆ ಆ ಸಲೈನ್, ಸ್ವಲ್ಪ ರಕ್ತ, ಒಡೆದ ಕಣಗಳ ಎಣ್ಣೆ ಎಲ್ಲ ಸೇರಿ ಬರುತ್ತದೆ. ಹಾಕಿದ ನೀರೆಲ್ಲ ವಾಪಸ್ ಬರುವುದೂ ಇಲ್ಲ, ಉಳಿದದ್ದು ಒಂದಿಷ್ಟು ಸೋರುತ್ತದೆ, ಒಂದಿಷ್ಟು ಮೈ ಹೀರಿಕೊಳ್ಳುತ್ತದೆ. ಕೊಬ್ಬು ನೀರಿಗಿಂತ ಹಗುರ, ಲೀಟರಿಗೆ ಸುಮಾರು 900 ಗ್ರಾಂ. ಹಾಗಾದರೆ ನನ್ನ ಮೈಯಿಂದ ಹೋದದ್ದು ಒಂದೂವರೆ ಕಿಲೋ. ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡಿ ಒಂದೂವರೆ ಕಿಲೋ! ತೂಕದ ಲೆಕ್ಕದಲ್ಲಿ ನೋಡಿದರೆ ಇದು ದಂಡವೇ. ಆದರೆ ಆ ಒಂದೂವರೆ ಕಿಲೋ ಎಲ್ಲಿಂದ ಹೋಯಿತು ಎಂಬುದು ನನಗೆ ಮುಖ್ಯವಾಗಿತ್ತು. ಒಟ್ಟು 5 ಲೀಟರಿಗಿಂತ ಜಾಸ್ತಿ ಎಳೆದರೆ ಅಪಾಯ ಏರುತ್ತದೆ, ಅದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು, ರಾತ್ರಿ ಇಟ್ಟು ನೋಡಬೇಕು. ಎಂಟು ಕಿಲೋ ಅಂದ ಆ ಸೆಂಟರ್ ನೆನಪಾಗಿ ಮೈ ಜುಮ್ಮೆಂದಿತು.

ಈಗ ಆಮೇಲಿನ ಕಥೆ. ನನ್ನ ದೊಡ್ಡ ದೂರು ಇಲ್ಲಿಯೇ ಇರುವುದು.

ಬುಕ್ ಮಾಡುವಾಗ ರಿಸೆಪ್ಶನ್ನಿನವರು "ಮೂರು ದಿನ ಬಿಟ್ಟು ಆಫೀಸಿಗೆ ಹೋಗಬಹುದು" ಅಂದಿದ್ದರು. ನಾನು ಅದನ್ನು ನಂಬಿ ನಾಲ್ಕೇ ದಿನ ರಜೆ ಹಾಕಿದ್ದೆ. ಮೂರನೇ ದಿನ ಮಂಚದಿಂದ ಏಳಲಿಕ್ಕೆ ಬದಿಗೆ ತಿರುಗಿ, ಕೈ ಊರಿ, ಉಸಿರು ಹಿಡಿದು ಏಳಬೇಕಿತ್ತು. ಕಡೆಗೆ ಹನ್ನೊಂದು ದಿನ ರಜೆ ಆಯಿತು. ಕೆಲವರು ನಾಲ್ಕೈದು ದಿನದಲ್ಲಿ ಹೋಗುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹೊಟ್ಟೆ ಮತ್ತು ಎರಡು ಬದಿ ಒಟ್ಟಿಗೆ ಮಾಡಿಸಿದವರಿಗೆ, ಅದೂ ಕೂತು ಕೆಲಸ ಮಾಡುವವರಿಗೆ, ಒಂದು ವಾರದಿಂದ ಹತ್ತು ದಿನ ಇಟ್ಟುಕೊಳ್ಳಿ. ಕೂತರೆ ಬೆಲ್ಟ್ ತೊಡೆಯ ಸಂದಿಗೆ ಮಡಚಿಕೊಂಡು ಕೊರೆಯುತ್ತದೆ.

ಮೊದಲ ರಾತ್ರಿ ಗಾಯದಿಂದ ತಿಳಿಗೆಂಪು ನೀರು ಸೋರಿ ಬೆಡ್‌ಶೀಟ್ ಪೂರ್ತಿ ಒದ್ದೆ. ಪಕ್ಕದಲ್ಲಿ ಮಲಗಿದ್ದ ಅಮ್ಮ ರಕ್ತ ಅಂತ ಕೂಗಿಕೊಂಡರು. ಅದು ರಕ್ತ ಅಲ್ಲ, ಒಳಗೆ ಹಾಕಿದ ಅದೇ ಸಲೈನ್, ಬಣ್ಣ ಮಾತ್ರ ರಕ್ತದ್ದು. ಒಂದೆರಡು ದಿನ ಸೋರುವುದು ಸಹಜ, ಸೋರಿದಷ್ಟೂ ಊತ ಕಡಿಮೆ ಅಂತ ಸಿಸ್ಟರ್ ಸಮಾಧಾನ ಹೇಳಿದರು. ಇದನ್ನು ಮನೆಯವರಿಗೆ ಮೊದಲೇ ತಿಳಿಸಿಡಿ. ಮಗು ಮಲಗಿಸುವ ರಬ್ಬರ್ ಶೀಟ್ ಮನೆಯಲ್ಲಿದ್ದರೆ ತೆಗೆದಿಡಿ, ಕಾರಿನ ಸೀಟಿಗೂ ಬೇಕಾಗುತ್ತದೆ. ಮರುದಿನ ಉಡುಪಿಗೆ ಬರುವಾಗ ಹೆದ್ದಾರಿಯ ಒಂದೊಂದು ಹೊಂಡವೂ ಹೊಟ್ಟೆಗೆ ಗೊತ್ತಾಯಿತು. ಮೂಲ್ಕಿಯಲ್ಲಿ ಕಾರು ನಿಲ್ಲಿಸಿ ಐದು ನಿಮಿಷ ನಡೆದೆ. ಕಾಲು ಆಡಿಸದೆ ಕೂತರೆ ರಕ್ತ ಹೆಪ್ಪುಗಟ್ಟಬಹುದು, ಆದ್ದರಿಂದ ಆಪರೇಷನ್ ಆದ ಸಂಜೆಯಿಂದಲೇ ಸ್ವಲ್ಪ ಸ್ವಲ್ಪ ನಡೆಸುತ್ತಾರೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವ ಯೋಚನೆ ಬೇಡವೇ ಬೇಡ.

ಬೆಲ್ಟ್ ಅಂದೆನಲ್ಲ, ಅದು ಎದೆಯ ಕೆಳಗಿನಿಂದ ತೊಡೆಯ ಅರ್ಧದ ತನಕ ಬರುವ ಬಿಗಿ ಬಟ್ಟೆ, ಕಂಪ್ರೆಶನ್ ಗಾರ್ಮೆಂಟ್. ಬದಿಯಲ್ಲಿ ಮೂರು ಸಾಲು ಕೊಂಡಿ. ಹಾಕಿಸಲಿಕ್ಕೆ ಅತ್ತಿಗೆ ಮತ್ತು ಅಮ್ಮ ಇಬ್ಬರೂ ಬೇಕಿತ್ತು, ಒಬ್ಬರು ಎರಡು ಅಂಚನ್ನೂ ಎಳೆದು ಹಿಡಿಯುವುದು, ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೊಂಡಿ ಹಾಕುವುದು. ಅಮ್ಮನಿಗೆ ಇದು ಬೇಗ ಅರ್ಥವಾಯಿತು. "ಬಾಣಂತಿಗೆ ಹೊಟ್ಟೆಗೆ ಸೀರೆ ಕಟ್ಟುವುದಿಲ್ಲವಾ, ಇದೂ ಹಾಗೆಯೇ" ಅಂದರು. ಕೊಬ್ಬು ಹೋದ ಜಾಗ ಪೊಳ್ಳಾಗಿರುತ್ತದೆ, ಅಲ್ಲಿ ನೀರು ತುಂಬದ ಹಾಗೆ, ಚರ್ಮ ಸಮವಾಗಿ ಕೂರುವ ಹಾಗೆ ಒತ್ತಿ ಹಿಡಿಯುವುದು ಅದರ ಕೆಲಸ. ನನಗೆ ಆರು ವಾರ ಹೇಳಿದ್ದರು, ಮೊದಲ ಮೂರು ವಾರ ಸ್ನಾನಕ್ಕೆ ಬಿಟ್ಟರೆ ಹಗಲೂ ರಾತ್ರಿಯೂ.

ಬಾಣಂತನದ ನೆನಪಿನಲ್ಲಿ ಅಮ್ಮ ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹೊಯ್ಯಲಿಕ್ಕೂ ಹೊರಟರು. ಅದು ಮಾತ್ರ ಬೇಡ. ಚರ್ಮ ಮರಗಟ್ಟಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲವನ್ನೂ ಇಡಬೇಡಿ. ಮೊದಲ ಸಲ ಬೆಲ್ಟ್ ಬಿಚ್ಚಿದಾಗ ನನಗೆ ಕಣ್ಣು ಕತ್ತಲೆ ಬಂದು ಬಚ್ಚಲಿನಲ್ಲೇ ಕುಸಿದೆ, ಅತ್ತಿಗೆ ಹಿಡಿದುಕೊಂಡರು. ಬಿಗಿ ಒಮ್ಮೆಲೇ ಬಿಟ್ಟಾಗ ರಕ್ತ ಕೆಳಗೆ ಇಳಿದು ಹೀಗಾಗುತ್ತದಂತೆ, ಸಾಮಾನ್ಯವಂತೆ. ಈ ಸಾಮಾನ್ಯ ಸಂಗತಿಯನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆದು ಕೊಡಲಿಕ್ಕೆ ಏನು ಕಷ್ಟ? ಏನಾದರೂ ತಿಂದು, ಮಂಚದ ಮೇಲೆ ಮಲಗಿಕೊಂಡೇ ನಿಧಾನ ಬಿಚ್ಚಿ, ಸ್ಟೂಲಿನಲ್ಲಿ ಕೂತು ಸ್ನಾನ ಮಾಡಿ, ಬಾಗಿಲಿಗೆ ಚಿಲಕ ಹಾಕಬೇಡಿ.

ಸೆಕೆ. ಮಾರಾಯ್ರೆ, ನಮ್ಮ ಊರಿನ ಮಾರ್ಚ್-ಏಪ್ರಿಲ್ ಸೆಕೆಯಲ್ಲಿ ಆ ಬೆಲ್ಟ್! ಬೆವರು ಒಳಗೇ ನಿಂತು ಬೆನ್ನು, ತೊಡೆಯ ಸಂದಿ ಎಲ್ಲ ಬೆವರುಸಾಲೆ. ಒಳಗೆ ತೆಳು ಹತ್ತಿಯ ಬನಿಯನ್ ಹಾಕಿದ ಮೇಲೆ ಸ್ವಲ್ಪ ವಾಸಿ. ಕ್ಲಿನಿಕ್ಕಿನವರು ಒಂದೇ ಬೆಲ್ಟ್ ಕೊಟ್ಟಿದ್ದರು. ಒಗೆದು ಒಣಗುವ ತನಕ ಏನು ಮಾಡುವುದು? ಎರಡನೆಯದನ್ನು ನಾನೇ 4,500 ಕೊಟ್ಟು ತರಿಸಿಕೊಂಡೆ. ಜೂನ್-ಜುಲೈಯಲ್ಲಿ ಮಾಡಿಸಿದರೆ ಬಟ್ಟೆ ಒಣಗುವುದೇ ಇಲ್ಲ. ನಮ್ಮ ಕಡೆಯವರು ಡಿಸೆಂಬರ್-ಜನವರಿ ನೋಡಿ ಮಾಡಿಸಿಕೊಳ್ಳಿ, ಇದನ್ನು ಯಾವ ಡಾಕ್ಟರೂ ನನಗೆ ಹೇಳಲಿಲ್ಲ.

ಮೂರನೇ ದಿನ ತೂಕ ನೋಡಿದರೆ 70 ಕಿಲೋ. ಎರಡು ಕಿಲೋ ಜಾಸ್ತಿ! ಅಳುವೇ ಬಂತು. ಅದೆಲ್ಲ ನೀರು, ಊತ. ಎರಡು ಮೂರು ದಿನಕ್ಕೆ ಊತ ಏರಿ ನಿಲ್ಲುತ್ತದೆ, ಆಮೇಲೆ ನಿಧಾನ ಇಳಿಯುತ್ತದೆ. ತಕ್ಕಡಿಯನ್ನು ಒಂದು ತಿಂಗಳು ಅಟ್ಟಕ್ಕೆ ಹಾಕಿ. ಹೊಟ್ಟೆ ಪೂರ್ತಿ ನೇರಳೆ ಬಣ್ಣ, ಆಮೇಲೆ ಹಸಿರು, ಹಳದಿ, ಎರಡು ವಾರದಲ್ಲಿ ಹೋಯಿತು. ಉಪ್ಪು ಕಡಿಮೆ ಮಾಡಿ ಅಂದಿದ್ದರು, ಗಂಜಿಗೆ ಉಪ್ಪಿನಕಾಯಿ ಇಲ್ಲದೆ ಹುರುಳಿ ಸಾರು, ಮೊಟ್ಟೆ, ಬಂಗುಡೆ ಹೀಗೆ ನಡೆಯಿತು.

ಒಂಬತ್ತನೇ ದಿನ, ಭಾನುವಾರ ರಾತ್ರಿ, ಬಲಬದಿಯಲ್ಲಿ ಒಂದು ಕಡೆ ಮೆತ್ತಗೆ ಉಬ್ಬಿತು. ಒತ್ತಿದರೆ ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಹಾಗೆ ಆಡುತ್ತಿತ್ತು. ಚೀಟಿಯಲ್ಲಿದ್ದ ತುರ್ತು ನಂಬರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ನಲವತ್ತು ನಿಮಿಷ, ಏಳು ಸಲ ಮಾಡಿದೆ. ಆಮೇಲೆ ಸಿಸ್ಟರ್ ತಾವಾಗಿ ಕೊಟ್ಟಿದ್ದ ಅವರ ಸ್ವಂತ ನಂಬರ್ ನೆನಪಾಗಿ ಮಾಡಿದರೆ ಮೊದಲ ರಿಂಗಿಗೇ ಎತ್ತಿದರು. ಜ್ವರ ಉಂಟಾ, ಉಸಿರಾಟ ಸರಿ ಉಂಟಾ, ಮೀನಖಂಡ ನೋಯುತ್ತದಾ, ಗಾಯದ ಹತ್ತಿರ ಕೆಂಪಾಗಿ ಬಿಸಿ ಇದೆಯಾ, ವಾಸನೆ ಬರುತ್ತದಾ, ಒಂದೊಂದೇ ಕೇಳಿದರು. ಯಾವುದೂ ಇರಲಿಲ್ಲ. ಇದ್ದಿದ್ದರೆ ಉಡುಪಿಯಲ್ಲೇ ಕೂಡಲೇ ಎಮರ್ಜೆನ್ಸಿಗೆ ಹೋಗಬೇಕಿತ್ತು ಅಂದರು. ಸೋಮವಾರ ಬೆಳಿಗ್ಗೆ ಡಾಕ್ಟರ್ ಸಿರಿಂಜಿನಲ್ಲಿ 40 ಎಂಎಲ್ ಹಳದಿ ನೀರು ತೆಗೆದರು, ಸಿರೋಮ ಅನ್ನುತ್ತಾರೆ. ನೋವಾಗಲಿಲ್ಲ, ಹಣ ತೆಗೆದುಕೊಳ್ಳಲಿಲ್ಲ. ಆದರೆ ಆ ನಲವತ್ತು ನಿಮಿಷವನ್ನು ನಾನು ಕ್ಷಮಿಸಲಿಲ್ಲ. ಆಪರೇಷನ್ ಆದವರಿಗೆ ಕೊಡುವ ನಂಬರ್ ರಾತ್ರಿ ಎತ್ತಬೇಕು. ಅಷ್ಟೇ. ಇದನ್ನು ಡಾಕ್ಟರ್ ಎದುರಿಗೇ ಹೇಳಿದೆ, ಅವರು ಕ್ಷಮೆ ಕೇಳಿದರು.

ಖರ್ಚು: ಹೇಳಿದ್ದು 1,35,000. ಬಿಲ್ ಬಂದದ್ದು 1,59,300, ಏಕೆಂದರೆ ಅಂದ ಹೆಚ್ಚಿಸುವ ಸರ್ಜರಿಗೆ 18 ಶೇಕಡಾ ಜಿ.ಎಸ್.ಟಿ. ಉಂಟು. ಸರ್ಕಾರದ ನಿಯಮ, ಅದರಲ್ಲಿ ಅವರ ತಪ್ಪಿಲ್ಲ, ಆದರೆ ಮೊದಲೇ ಸೇರಿಸಿ ಹೇಳಬೇಕಿತ್ತು. ರಕ್ತಪರೀಕ್ಷೆ ಬೇರೆ. ಇನ್ಶೂರೆನ್ಸ್ ಕೊಡುವುದಿಲ್ಲ.

ಮೂರನೇ ವಾರದಿಂದ ಒಳಗೆ ಗಂಟು ಗಂಟು ಸಿಗುತ್ತಿತ್ತು, ಹೆದರಿದೆ. ವಾಸಿಯಾಗುವಾಗ ಹಾಗೆಯೇ ಅಂತೆ, ನಿಧಾನ ಮೆತ್ತಗಾಯಿತು. ತುರಿಕೆ, ಇರುವೆ ಹರಿದ ಹಾಗೆ, ಎರಡು ತಿಂಗಳು. ಆರನೇ ವಾರಕ್ಕೆ ಜೋರು ನಡಿಗೆ ಶುರು ಮಾಡಿದೆ. ನಾಲ್ಕನೇ ತಿಂಗಳಿಗೆ ಸೊಂಟ 96 ಸೆಂಟಿಮೀಟರಿಂದ 89ಕ್ಕೆ ಬಂತು, ತೂಕ 66.5. ಹೊಕ್ಕುಳ ಕೆಳಗೆ ಅಂಗೈಯಷ್ಟು ಜಾಗ ಇನ್ನೂ ಸ್ವಲ್ಪ ಮರಗಟ್ಟಿದ ಹಾಗಿದೆ. ಹೋದ ಕೊಬ್ಬಿನ ಜೀವಕೋಶ ವಾಪಸ್ ಬರುವುದಿಲ್ಲ, ಆದರೆ ನಾವು ಜಾಸ್ತಿ ತಿಂದರೆ ಉಳಿದ ಕೋಶಗಳು ದಪ್ಪ ಆಗುತ್ತವೆ, ಬೇರೆ ಕಡೆಯೂ ಕೊಬ್ಬು ಸೇರುತ್ತದೆ. ಆದ್ದರಿಂದ ರಾತ್ರಿಯ ಅನ್ನ ಈಗಲೂ ಇಲ್ಲ.

ಮಾಡಿಸಿದ್ದಕ್ಕೆ ನನಗೆ ಬೇಸರ ಇಲ್ಲ, ಸಂತೋಷವೇ ಇದೆ. ಡಾಕ್ಟರಿಗೆ ಮತ್ತು ಆ ಸಿಸ್ಟರಿಗೆ ಐದಕ್ಕೆ ಐದು. ರಿಸೆಪ್ಶನ್ನಿಗೆ ಎರಡು. ಕಳೆದ ತಿಂಗಳು ಕೊನೆಯ ತಪಾಸಣೆಗೆ ಹೋದಾಗ ಚೀಟಿಯಲ್ಲಿ ತುರ್ತು ನಂಬರ್ ಬದಲಾಗಿತ್ತು. ಮನೆಗೆ ಬಂದು ರಾತ್ರಿ ಹತ್ತೂವರೆಗೆ ಆ ನಂಬರಿಗೆ ಫೋನ್ ಮಾಡಿ ನೋಡಿದೆ. ಎರಡನೇ ರಿಂಗಿಗೆ ಎತ್ತಿದರು.